ವಾಸುದೇವರಾಯರ ‘ಗೋ ಅಹೆಡ್’

ಜಮಖಂಡಿಯ ವಾಸುದೇವರಾವ್ ಗಲಗಲಿಯವರಿಗೆ ಹಿಮ್ಮುಖವಾಗಿ ನಡೆಯುವುದು ಬಹಳ ಚೆನ್ನಾಗಿ ಬರುತ್ತಿತ್ತು. ನಗಬೇಡಿ. ಅದು ಹಾದಿಬೀದಿಯವರಿಗೆಲ್ಲ ಬರುವ ವಿದ್ಯೆಯಲ್ಲ. ಸಂಸ್ಥಾನದ ಕಾಲದಲ್ಲಿ ದೊಡ್ಡವರ ಎದುರಿನಿಂದ ಹೊರಗೆ ಬರುವಾಗ ಅವರಿಗೆ ಬೆನ್ನು ತೋರಿಸುವಂತಿರಲಿಲ್ಲ. ಬಗ್ಗಿ ಮುಜುರೆ ಮಾಡಿ, ಮುಖವನ್ನು ಅವರ ಕಡೆಗೇ ಇಟ್ಟುಕೊಂಡು, ಹೊಸ್ತಿಲು ಎಲ್ಲಿದೆ ಎಂದು ಹಿಮ್ಮಡಿಯಿಂದಲೇ ತಡವುತ್ತ ಬಾಗಿಲು ದಾಟಬೇಕು. ಎಂಥೆಂಥ ಇನಾಮದಾರರು ಅಲ್ಲಿ ಧೋತರ ಕಾಲಿಗೆ ಸಿಕ್ಕಿ ಅಂಗಾತ ಬಿದ್ದದ್ದುಂಟು. ವಾಸುದೇವರಾಯರು ಮಾತ್ರ ಒಮ್ಮೆಯೂ ಬಿದ್ದವರಲ್ಲ, ಮತ್ತು ಈ ಮಾತನ್ನು ಅವರು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದರು.

ದರಬಾರಿನಲ್ಲಿ ಅವರು ಕಾರಕೂನರು. ದೊಡ್ಡವರ ಎಡಗಡೆಗೆ, ಎರಡು ಹೆಜ್ಜೆ ಹಿಂದೆ ನಿಲ್ಲುವುದು ಅವರ ಕೆಲಸ. ಇಂಗ್ಲಿಷಿನವರು ಬಂದರೆ ಇಂಗ್ಲಿಷನ್ನು ಕನ್ನಡ ಮಾಡುವುದು, ಕನ್ನಡವನ್ನು ಇಂಗ್ಲಿಷ್ ಮಾಡುವುದು. ಉಳಿದ ವೇಳೆಯಲ್ಲಿ ಸಪ್ಪಳವಿಲ್ಲದೆ ಉಸಿರಾಡುವುದು. ಹೀಗೆ ಅರ್ಧ ಆಯುಷ್ಯ ಕಳೆದು, ಮಗಳು ಸುಹಾಸಿನಿ ಲಗ್ನಕ್ಕೆ ಬಂದು ನಿಂತ ಹೊತ್ತಿಗೆ ಸರಿಯಾಗಿ ಸಂಸ್ಥಾನವೇ ಹೋಗಿ ಮುಂಬೈ ಸರಕಾರದಲ್ಲಿ ವಿಲೀನವಾಯಿತು. ರಾಜ್ಯ ಹೋದದ್ದಕ್ಕೆ ರಾಜರು ಎಷ್ಟು ಅತ್ತರೋ ಗೊತ್ತಿಲ್ಲ. ವಾಸುದೇವರಾಯರ ಮನೆಯಲ್ಲಂತೂ ಅಂದು ಒಲೆ ಹೊತ್ತಲಿಲ್ಲ.

ಹೊಸ ಸರಕಾರ ಹಳೆಯ ನೌಕರರನ್ನೆಲ್ಲ ಜರಡಿ ಹಿಡಿಯತೊಡಗಿತು. ಕೆಲಸಕ್ಕೆ ಬರುವವರನ್ನು ಇಟ್ಟುಕೊಳ್ಳುವುದು, ಬಾರದವರಿಗೆ ಅರ್ಧ ಪೆನ್ಶನ್ನು ಕೊಟ್ಟು ಮನೆಗೆ ಕಳಿಸುವುದು. ಯಾರು ಬರುತ್ತಾರೆ, ಯಾರು ಬಾರರು ಎಂದು ಬರೆಯುವ ಅಧಿಕಾರ ಹೊಸದಾಗಿ ಬಂದ ಪ್ರಾಂತ ಸಾಹೇಬರದು. ಇತ್ತ ಮುಧೋಳದ ಬೀಗರು, ಅಂದರೆ ಇನ್ನೂ ಆಗದ ಬೀಗರು, ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು ಹೇಳಿ ಹೋಗಿದ್ದರು: “ಹುಡುಗಿ ಛಲೋ ಇದ್ದಾಳ. ಆದರ ಹುಡುಗಿ ಅಪ್ಪ ನೌಕರ್ಯಾಗ ಇರ್ತಾರೋ, ಮಾಜಿ ಆಗ್ತಾರೋ ಅದೊಂದು ತಿಳೀಲಿ.”

ಹೊಸ ಸಾಹೇಬರು ಮೆಹತಾ ಎಂಬವರು. ಸೂರತದ ಕಡೆಯವರು, ಇನ್ನೂ ಎಳೆಯ ವಯಸ್ಸು, ಉದ್ದ ಕಾಲು, ಸದಾ ಅವಸರ. ಅವರಿಗೆ ಕನ್ನಡ ಸೊನ್ನೆ. ಮರಾಠಿ ಬರುತ್ತಿತ್ತು, ಆದರೆ ಅದು ಕರ್ನಾಟಕ ಒಂದಾಗಬೇಕೆಂದು ಊರೂರಲ್ಲಿ ಸಭೆ ನಡೆಯುತ್ತಿದ್ದ ಕಾಲ. ಕನ್ನಡದವರ ಎದುರು ಮರಾಠಿ ಆಡಿ ಮೈಮೇಲೆ ಎಳೆದುಕೊಳ್ಳಬೇಡ ಎಂದು ಮೇಲಿನವರು ಅವರಿಗೆ ಹೇಳಿ ಕಳಿಸಿದ್ದರು. ಹೀಗಾಗಿ ಅವರ ಬಾಯಲ್ಲಿ ಬರೀ ಇಂಗ್ಲಿಷು, ಮತ್ತು ಆ ಇಂಗ್ಲಿಷಿನಲ್ಲಿ ಹೆಜ್ಜೆಗೊಮ್ಮೆ ‘ಗೋ ಅಹೆಡ್’.

ಕಚೇರಿಯಲ್ಲಿ ಇಂಗ್ಲಿಷ್ ಬಲ್ಲವರು ವಾಸುದೇವರಾಯರೊಬ್ಬರೇ ಆದ್ದರಿಂದ, ಈ ಮಾತಿನ ಅರ್ಥವನ್ನು ಊರಿಗೆ ತಿಳಿಸುವ ಭಾರವೂ ಅವರ ಮೇಲೆಯೇ ಬಿತ್ತು. ಯಾರೂ ಹೊರಿಸಲಿಲ್ಲ, ತಾವಾಗಿಯೇ ಹೊತ್ತುಕೊಂಡರು. ಸಂಜೆ ನೆರೆಮನೆಯ ಪಾಂಡುರಂಗಾಚಾರ್ಯರ ಕಟ್ಟೆಯ ಮೇಲೆ ಪಾಠ ಸುರುವಾಯಿತು.

“ಗೋ ಅಂದ್ರ ಹೋಗು. ಅಹೆಡ್ ಅಂದ್ರ ಮುಂದ,” ಎಂದು ವಾಸುದೇವರಾಯರು ರುಮಾಲು ಸರಿಮಾಡಿಕೊಂಡರು. “ಆದರ ಅಷ್ಟಕ್ಕ ಮುಗೀಲಿಲ್ಲ ಆಚಾರ್ರ. ನಾ ಕಾಗದ ಹಿಡಕೊಂಡು ನಿಂತಾಗ ಸಾಹೇಬ್ರು ‘ಗೋ ಅಹೆಡ್’ ಅಂದ್ರ, ಓದು ಅಂತ. ಮನಿ ಕಟ್ಟಲಿಕ್ಕೆ ಪರವಾನಗಿ ಕೇಳಿದವಗ ಅಂದ್ರ, ಕಟ್ಟು ಅಂತ. ಸಭಾದಾಗ ಎದ್ದು ನಿಂತವಗ ಅಂದ್ರ, ಮಾತಾಡು ಅಂತ.”

“ಎಲಿ ಮುಂದ ಕೂತವಗ ಅಂದ್ರ?”

“ಉಣ್ಣು ಅಂತ.”

ಆಚಾರ್ಯರು ಸ್ವಲ್ಪ ಹೊತ್ತು ವಿಚಾರ ಮಾಡಿದರು. “ಅಲ್ರೀ, ಒಟ್ಟ ಏನು ಮಾಡ್ಲಿಕ್ಕೆ ಹೊಂಟಿದ್ದನೋ ಅದನ್ನ ಮಾಡು ಅಂತ ಆತಲ್ಲ. ಇಷ್ಟಕ್ಕ ಇಂಗ್ಲಿಷ್ ಯಾಕ ಬೇಕು?”

“ಅಲ್ಲೇ ಅದ ನೋಡ್ರಿ ಮರ್ಮ. ನಾವು ‘ಮಾಡು’ ಅಂತೀವಿ. ಅವರು ‘ಮುಂದ ಹೋಗು’ ಅಂತಾರ. ಅದಕ್ಕ ಅವರು ಮುಂದ ಹೋದ್ರು, ನಾವು ಮಾಡಕೋತ ಕೂತೀವಿ.”

“ಹಂಗಾದ್ರ ನಿಮಗ ‘ಗೋ ಅಹೆಡ್’ ಅಂದ್ರ ನೀವು ಸಾಹೇಬ್ರಕಿಂತ ಮುಂದ ಹೋಗಿಬಿಡ್ತೀರೇನು?”

ವಾಸುದೇವರಾಯರು ಕೆನ್ನೆ ಕೆನ್ನೆ ಬಡಿದುಕೊಂಡರು. “ಶಾಂತಂ ಪಾಪಂ! ಬೀಗರು ಪಂಕ್ತ್ಯಾಗ ‘ಇನ್ನೊಂದು ಹೋಳಗಿ’ ಅಂತ ಒತ್ತಾಯ ಮಾಡ್ತಾರ. ‘ಸಾಕು, ಸಾಕು’ ಅಂತ ಎಲಿ ಮ್ಯಾಲೆ ಕೈ ಅಡ್ಡ ಹಿಡೀತೀವೋ ಇಲ್ಲೋ? ಹಂಗ ಇದು. ಮುಂದ ನಡಿ ಅನ್ನೂದು ಅವರ ದೊಡ್ಡಸ್ತಿಕಿ. ನಡೀದೇ ಇರೂದು ನಮ್ಮ ಮರ್ಯಾದಿ.”

ಪಾಠ ಅಲ್ಲಿಗೆ ಮುಗಿದಿದ್ದರೆ ಯಾರ ಕಾಲೂ ಉಳುಕುತ್ತಿರಲಿಲ್ಲ. ಮರುದಿನ ಸಾಹೇಬರಿಗೆ ದಫ್ತರಖಾನೆ ನೋಡುವ ಮನಸ್ಸಾಯಿತು. ಹಳೆಯ ಕಾಗದಗಳ ಗಂಟುಗಳನ್ನು ತುಂಬಿಟ್ಟ ಕತ್ತಲೆ ಕೋಣೆ ಅದು. ಬಾಗಿಲವರೆಗೆ ಬಂದು ಸಾಹೇಬರು ನಿಂತರು. ತಮ್ಮ ತಂದೆಯ ವಯಸ್ಸಿನ ಮನುಷ್ಯ, ದಾರಿ ಬಲ್ಲವನು ಎಂದು ಕೈ ಚಾಚಿ ಹೇಳಿದರು: “ಗೋ ಅಹೆಡ್, ಮಿಸ್ಟರ್ ಗಲಗಲಿ.”

ವಾಸುದೇವರಾಯರು ಬಗ್ಗಿ, “ತಾವು ಮೊದಲು, ಸರ್” ಎಂದು ಇಂಗ್ಲಿಷಿನಲ್ಲಿ ಬಿನ್ನವಿಸಿದರು.

“ಪ್ಲೀಸ್, ಗೋ ಅಹೆಡ್.”

ವಾಸುದೇವರಾಯರು ಇನ್ನಷ್ಟು ಬಗ್ಗಿದರು. ಸಾಹೇಬರು ಒಳ್ಳೆಯ ಮನೆಯ ಹುಡುಗ, ಹಿರಿಯರನ್ನು ತಳ್ಳಿಕೊಂಡು ಹೋಗುವವರಲ್ಲ. ಅವರೂ ನಿಂತರು. ಹಿಂದೆ ಕಾಗದದ ಗಂಟು ಹೊತ್ತ ಕಾರಕೂನರು ನಿಂತರು, ಅವರ ಹಿಂದೆ ಅರ್ಜಿ ತಂದವರು ನಿಂತರು. ಜವಾನ ಹೊಳಬಸಪ್ಪ ಚಹಾ ತಂದು, ದಾರಿ ಸಿಗದೆ, ಬಾಗಿಲಲ್ಲಿಯೇ ಇಬ್ಬರಿಗೂ ಕಪ್ಪು ಬಸಿ ಕೊಟ್ಟ. ಚಹಾ ಮುಗಿಯಿತು, ಮರ್ಯಾದೆ ಮುಗಿಯಲಿಲ್ಲ. ಕೊನೆಗೆ ಸಾಹೇಬರೇ ಸೋತು ಕತ್ತಲೆಗೆ ಕಾಲಿಟ್ಟರು. ಒಳಗೆ ಕೆಳಗಿಳಿಯುವ ಮೆಟ್ಟಿಲುಗಳಿವೆ ಎಂಬುದು ಅವರಿಗೆ ತಿಳಿಯದು. ಧಡಲ್ ಎಂದು ಸಪ್ಪಳವಾಯಿತು, ಧೂಳೆದ್ದಿತು, ಮತ್ತು ವಾಸುದೇವರಾಯರು ಎರಡು ಹೆಜ್ಜೆ ಬಿಟ್ಟು ಗಂಭೀರವಾಗಿ ಹಿಂದೆಯೇ ಇಳಿದರು.

ಸಾಹೇಬರು ಕಾಲು ತಿಕ್ಕಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತರು. ಆಮೇಲೆ ಹೇಳಿದರು: “ಶನಿವಾರ ಗಲಗಲಿಯ ಆಚೆ ಕುರುಬರ ವಸ್ತಿಗೆ ಹೋಗೋಣ. ಅಲ್ಲಿ ಶಾಲೆಗೆ ಜಾಗ ಗೊತ್ತುಮಾಡಿದವರು ನೀವೇ ತಾನೆ? ತೋರಿಸಿ. ನಿಮ್ಮ ಕೆಲಸವನ್ನು ಅಲ್ಲಿ ನೋಡಿ, ಸೋಮವಾರ ನಿಮ್ಮ ವಿಷಯ ಬರೆಯುತ್ತೇನೆ.”

ಊರಿಗೆ ಮುಟ್ಟಿದ ಸುದ್ದಿಯೇ ಬೇರೆ. ಪ್ರಾಂತ ಸಾಹೇಬರು ನಮ್ಮ ವಾಸುದೇವರಾಯರನ್ನು ಮುಂದೆ ಬಿಟ್ಟು ತಾವು ಹಿಂದೆ ಬರುತ್ತೇನೆಂದು ಹಟ ಹಿಡಿದರಂತೆ, ಬಾಗಿಲಲ್ಲಿ ನಿಲ್ಲಿಸಿಕೊಂಡು ಚಹಾ ಕೊಟ್ಟರಂತೆ, ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರಂತೆ! ಸುದ್ದಿ ಮುಧೋಳ ಮುಟ್ಟಿದ ಕೂಡಲೆ ಆಗದ ಬೀಗರು ಒಂದು ಬುಟ್ಟಿ ಪೇರಲಹಣ್ಣು ಕಳಿಸಿಕೊಟ್ಟರು.

ಹೆಂಡತಿ ವತ್ಸಲಾಬಾಯಿಗೆ ಮಾತ್ರ ಸಮಾಧಾನವಿಲ್ಲ. ಶನಿವಾರ ಬೆಳಿಗ್ಗೆ ರುಮಾಲು ಕೈಗೆ ಕೊಡುತ್ತ ಹೇಳಿದರು: “ಏನ್ರೀ, ಸಾಹೇಬ್ರು ಏನು ಕೇಳ್ತಾರೋ ಅದಕ್ಕ ನೆಟ್ಟಗ ಉತ್ತರಾ ಕೊಡ್ರಿ. ‘ತಮ್ಮ ಮರ್ಜಿ, ತಮ್ಮ ಮರ್ಜಿ’ ಅಂತ ಬಡಕೋಬ್ಯಾಡ್ರಿ. ನಂಗ ಹಂಗ ಅಂದು ಅಂದು ಒಂದ ದಿನಾನೂ ಯಾವ ಪಲ್ಯ ಬೇಕಂತ ಹೇಳಿಲ್ಲ ನೀವು. ಮಗಳ ಸಂಸಾರದ ಪ್ರಶ್ನಿ ಅದ.”

“ನಂಗ ಗೊತ್ತಿಲ್ಲೇನು?” ಎಂದು ವಾಸುದೇವರಾಯರು ಹೊರಟರು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಹೋಗುವ ಕೆಲಸ ಕೆಡುತ್ತದೆ ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದ್ದರಿಂದ ಪಾಂಡುರಂಗಾಚಾರ್ಯರು ಕಟ್ಟೆಯ ಮೇಲೆ ನಿಂತು, “ಸಮೀಪಕ್ಕೋ, ದೂರಕ್ಕೋ?” ಎಂದಷ್ಟೇ ಕೇಳಿದರು.

ವಸ್ತಿಯ ಅಂಚಿನ ದಿನ್ನೆಯಲ್ಲಿ ಒಂದು ಬನ್ನಿ ಗಿಡ. ಅದರ ನೆರಳಿಗೆ ಜೀಪು ಬಂದು ನಿಂತಿತು. ಶಾಲೆಗೆ ಗೊತ್ತುಮಾಡಿದ ಜಾಗ ಅದೇ. ಜೀಪಿನ ಗಾಲಿಗಳು ಅದರ ನಟ್ಟನಡುವೆಯೇ ನಿಂತಿದ್ದವು. ಇದು ವಾಸುದೇವರಾಯರಿಗೆ ಗೊತ್ತು, ವಸ್ತಿಯ ಹಿರಿಯ ಗಿರಮಲ್ಲಪ್ಪನಿಗೆ ಗೊತ್ತು, ಅಲ್ಲಿ ನೆರೆದ ಗಂಡಸರು ಹೆಂಗಸರು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಸಾಹೇಬರೊಬ್ಬರೇ.

ಗಿರಮಲ್ಲಪ್ಪ ಬೀರದೇವರ ಭಂಡಾರದ ಅರಿಷಿಣವನ್ನು ಸಾಹೇಬರ ಹಣೆಗೆ ಹಚ್ಚಿದ. ಉಳಿದವರು ಭಕ್ತಿ ಹೆಚ್ಚಾಗಿ ಮೇಲೆ ತೂರಿದರು. ಟೊಪ್ಪಿಗೆಯಿಂದ ಬೂಟಿನವರೆಗೆ ಹಳದಿಯಾದ ಸಾಹೇಬರು ಕಣ್ಣು ಒರೆಸಿಕೊಂಡು, ಜಾಗ ಎಲ್ಲಿ ಎಂಬಂತೆ ಕೈ ಮಾಡಿ, “ಗೋ ಅಹೆಡ್” ಎಂದರು.

ವಾಸುದೇವರಾಯರು ಎರಡು ಹೆಜ್ಜೆ ಹಿಂದೆ ಸರಿದು, “ತಾವು ಮೊದಲು, ಸರ್” ಎಂದರು.

ಸಾಹೇಬರಿಗೆ ದಫ್ತರಖಾನೆಯ ಬಾಗಿಲು ನೆನಪಾಗಿರಬೇಕು. ಇನ್ನೊಂದು ಸಲ ಆ ಮರ್ಯಾದೆಗೆ ಸಿಕ್ಕಿಕೊಳ್ಳುವ ತ್ರಾಣ ಅವರಿಗಿರಲಿಲ್ಲ. ಎದುರಿಗೆ ಕಂಡ ಕಾಲುದಾರಿ ಹಿಡಿದು ದಡದಡ ನಡೆದೇಬಿಟ್ಟರು. ತಾನು ತಪ್ಪಿದರೆ ಹಿಂದಿನಿಂದ ಈ ಮನುಷ್ಯ ಹೇಳುತ್ತಾನೆ ಎಂಬುದು ಅವರ ಧೈರ್ಯ. ಸಾಹೇಬರು ಹೊರಟಮೇಲೆ ಎಲ್ಲಿಗೆ ಎಂದು ಕೇಳುವವನು ತಾನಾರು ಎಂಬುದು ವಾಸುದೇವರಾಯರ ವಿನಯ. ಈ ಧೈರ್ಯ ಮತ್ತು ಈ ವಿನಯ ಎರಡೂ ಕೂಡಿ ವಸ್ತಿಯ ಒಳಗೆ ಹೊರಟವು.

ಗಿರಮಲ್ಲಪ್ಪನಿಗೆ ಗಾಬರಿಯಾಯಿತು. “ರಾಯರ, ಜಾಗಾ ಇಲ್ಲೇ ಐತಿ, ಸಾಹೇಬ್ರು ಅತ್ತಾಗ ಹೊಂಟಾರಲ್ರಿ?”

“ಅವರಿಗೆ ತಿಳೀತದ. ಸುಮ್ಮನ ಬಾ.”

ಗಿರಮಲ್ಲಪ್ಪ ಮಂದಿಯ ಕಡೆಗೆ ತಿರುಗಿದ. “ಈ ಜಾಗಾ ಸರಕಾರದ ಮನಸಿಗೆ ಬರಲಿಲ್ಲಂತ ಕಾಣತೈತಿ. ಬ್ಯಾರೆ ಹುಡುಕಾಕತ್ತಾರ. ಬೀರಪ್ಪನ ಪಲ್ಲಕ್ಕಿ ಇದ್ದಂಗ ತಿಳೀರಿ. ಅದು ಎಳದತ್ತ ನಾವು ಹೋಗಬೇಕು. ಯಾರೂ ಅಡ್ಡ ಹಾಯಬ್ಯಾಡ್ರಿ. ಎಲ್ಲಿ ನಿಲ್ಲತಾರ ಅಲ್ಲಿ ಗೂಟಾ ಬಡೀರಿ.”

ಆ ವಸ್ತಿಯಲ್ಲಿ ದೇವರ ಪಲ್ಲಕ್ಕಿ ಹೊತ್ತವರು ತಾವಾಗಿ ದಾರಿ ಹಿಡಿಯುವುದಿಲ್ಲ. ಪಲ್ಲಕ್ಕಿ ಯಾವ ಕಡೆಗೆ ಜಗ್ಗುತ್ತದೋ ಆ ಕಡೆಗೆ ಮುಳ್ಳಿರಲಿ, ಹೊಂಡವಿರಲಿ, ಹೋಗುವುದೇ. ಹೋದಲ್ಲಿ ಏನೋ ಒಂದು ಅರ್ಥ ಇದ್ದೇ ಇರುತ್ತದೆ. ಮೆಹತಾ ಸಾಹೇಬರ ಉದ್ದ ಕಾಲುಗಳಿಗೂ ಈಗ ಅಂಥ ಅರ್ಥ ಬಂದುಬಿಟ್ಟಿತು.

ಸಾಹೇಬರು ಬೆವರು ಒರೆಸಿಕೊಳ್ಳಲು ಮೊದಲು ನಿಂತದ್ದು ಗಿರಮಲ್ಲಪ್ಪನ ಅಕ್ಕ ಲಗಮವ್ವನ ಹಿತ್ತಲಿನಲ್ಲಿ. ತಟ್ಟನೆ ಅವರ ಬೂಟಿನ ಪಕ್ಕದಲ್ಲಿ ಒಂದು ಗೂಟ ಬಿತ್ತು. ಲಗಮವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಯಾರಲೇ ಇಲ್ಲಿ, ಹಾಟ್ಯಾರಾ? ಏನ್ ಬಡ್ಯಾಕತ್ತೀರಿ?”

“ಸಾಲಿ ಬರತೈತೆವ್ವಾ ಇಲ್ಲಿ.”

“ನನ್ನ ಹಿತ್ತಲದಾಗ? ಯಾಕ, ನನ್ನ ಕೋಳಿ ಕಲತು ಮಾಮಲೇದಾರ ಆಗಬೇಕಾಗೇತೇನು?”

ಸಾಹೇಬರು ಅವಳ ಕಡೆ ನೋಡಿ ನಕ್ಕು, ಏನಂತೆ ಎಂದು ವಾಸುದೇವರಾಯರನ್ನು ಕೇಳಿದರು. ಇಂಥ ಮಾತನ್ನು ದೊಡ್ಡವರ ಕಿವಿಗೆ ಹಾಕುವ ಪದ್ಧತಿ ಇರಲಿಲ್ಲವಾಗಿ ವಾಸುದೇವರಾಯರು, “ತಮ್ಮ ಆಗಮನದಿಂದ ಮುದುಕಿಗೆ ಬಹಳ ಸಂತೋಷವಾಗಿದೆಯಂತೆ, ಸರ್” ಎಂದರು.

“ಒಳ್ಳೆಯದು. ಹೀಗೇ ಹೋಗಬೇಕೆ?”

“ತಮ್ಮ ಮರ್ಜಿ, ಸರ್.”

ಸರಿಯಾದ ದಾರಿ ಎಂದು ತಿಳಿದು ಸಾಹೇಬರು ಮುಂದುವರಿದರು. ಆಮೇಲೆ ಕುರಿಹಟ್ಟಿಯಲ್ಲಿ ಒಂದು ಗೂಟ ಬಿತ್ತು. ಬೂಟಿನೊಳಗೆ ಹರಳು ಹೊಕ್ಕಿತೆಂದು ಸಾಹೇಬರು ಒಂದು ಕಲ್ಲಿನ ಮೇಲೆ ಕೂತರು, ಅದು ಗಿರಮಲ್ಲಪ್ಪನ ಅಜ್ಜನ ಗೋರಿ, ಅಲ್ಲಿಯೂ ಒಂದು ಗೂಟ ಬಿತ್ತು. ಅಲ್ಲಿಗೆ ಮಂದಿಯಲ್ಲಿ ಗುಸುಗುಸು ಎದ್ದಿತು. ಒಂದು ಸಾಲೆಗೆ ಇಷ್ಟು ಗೂಟ ಯಾಕೆ? ಇದು ಸಾಲೆಯಲ್ಲ, ಸರಕಾರ ಇಡೀ ವಸ್ತಿಯನ್ನೇ ಎಬ್ಬಿಸುತ್ತದೆ. ಹಿಂದಿನ ಸಾಲಿನ ಹೆಂಗಸರು ಅಳುವುದಕ್ಕೆ ಸುರುಮಾಡಿದರು. ಲಗಮವ್ವ ತನ್ನ ಗೂಟವನ್ನು ಕಿತ್ತು ಕೈಯಲ್ಲಿ ಹಿಡಿದು, ಸರಕಾರದ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯುತ್ತ ಮೆರವಣಿಗೆಗೆ ಸೇರಿದಳು.

ಗಿರಮಲ್ಲಪ್ಪ ಓಡಿಬಂದು ವಾಸುದೇವರಾಯರ ಕೋಟು ಜಗ್ಗಿದ. “ರಾಯರ, ನಿಮ್ಮ ಕಾಲ ಬೀಳ್ತೀನ್ರಿ. ಸಾಲಿ ಬ್ಯಾಡ, ಏನೂ ಬ್ಯಾಡ. ನಮ್ಮ ಹುಡುಗ್ರು ಕುರಿ ಕಾಯಲಿ. ಮನಿ ಬಿಡಸಬ್ಯಾಡ್ರಿ ಅಂತ ಒಂದು ಮಾತ ಹೇಳ್ರಿ.”

“ಹೇಳ್ತೀನಿ. ಸಾಹೇಬ್ರು ಮೊದಲ ನಿಲ್ಲಲಿ. ನಡಿಯೋ ದೊಡ್ಡವರನ್ನ ತಡವಬಾರದು.”

ಆದರೆ ಸಾಹೇಬರು ಇನ್ನೆಲ್ಲಿ ನಿಲ್ಲುತ್ತಾರೆ? ಹಿಂದೆ ಇಷ್ಟೊಂದು ಜನ ಅಳುತ್ತ ಬೈಯುತ್ತ ಬರುತ್ತಿರುವಾಗ ಯಾರಾದರೂ ನಿಲ್ಲುತ್ತಾರೆಯೆ? ಅವರು ಬಿರಬಿರನೆ ಹೊಳೆಯ ದಂಡೆಗೆ ಇಳಿದರು. ಕೃಷ್ಣೆ ಇಳಿದು ಹೋದ ಕಾಲ. ದಂಡೆಯ ಮಣ್ಣು ಬಿರುಕುಬಿಟ್ಟು ಒಣಗಿ, ಅಂಗಳದಂತೆ ಸಪಾಟಾಗಿ ಕಾಣುತ್ತಿತ್ತು.

ಕಾಣುತ್ತಿತ್ತು, ಅಷ್ಟೇ. ಮೇಲಿನದೊಂದು ಹಪ್ಪಳ, ಅದರ ಕೆಳಗೆ ಸೊಂಟ ನುಂಗುವ ಕೆಸರು. ವಾಸುದೇವರಾಯರು ಗಲಗಲಿಯಲ್ಲಿ ಹುಟ್ಟಿದವರು. ಈ ದಂಡೆಯಲ್ಲಿ ಅಜ್ಜನ ಎಮ್ಮೆ ಹೂತುಹೋದದ್ದನ್ನು ಕಣ್ಣಾರೆ ಕಂಡವರು. ಸಾಹೇಬರು ಅಲ್ಲಿಗೇ ನೆಟ್ಟಗೆ ನಡೆದಿದ್ದರು.

ವಾಸುದೇವರಾಯರು ಕೆಮ್ಮಿದರು. ದರಬಾರಿನಲ್ಲಿ ಕೆಮ್ಮುವುದಕ್ಕೆ ಅನುಮತಿ ಇತ್ತು. ಸಾಹೇಬರು ತಿರುಗಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದರು.

“ನೆಗಡಿಯೇ?” ಎಂದು ಸಾಹೇಬರು ನಡೆಯುತ್ತಲೇ ಕೇಳಿದರು.

“ಸರ್, ಒಂದು ಬಿನ್ನಹ…”

“ಗೋ ಅಹೆಡ್, ಗೋ ಅಹೆಡ್!” ಎಂದರು ಸಾಹೇಬರು, ತಿರುಗದೆ, ನಿಲ್ಲದೆ.

ಆಗ ವಾಸುದೇವರಾಯರು ಓಡಿದರು. ಧೋತರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸಾಹೇಬರ ಎಡಗಡೆಯಿಂದ ಹಾಯ್ದು, ಅವರನ್ನು ದಾಟಿ ಮುಂದಕ್ಕೆ ಹೋದರು. ಜೀಪಿನಲ್ಲಿ ಜೊತೆಗೆ ಬಂದಿದ್ದ ಜವಾನ ಹೊಳಬಸಪ್ಪ ಕಣ್ಣು ಮುಚ್ಚಿಕೊಂಡ. ಆದರೆ ಮುಂದೆ ಹೋದರೂ ಬೆನ್ನು ತೋರಿಸುವುದು ಹೇಗೆ? ತಟ್ಟನೆ ತಿರುಗಿ ಸಾಹೇಬರಿಗೆ ಮುಖಕೊಟ್ಟು, ಕೈ ಜೋಡಿಸಿ, ಬಗ್ಗಿ, ಹಿಮ್ಮುಖವಾಗಿ ನಡೆಯುತ್ತ, ಬಿನ್ನಹವನ್ನು ಅದರ ಸಕಲ ಪದ್ಧತಿಯೊಂದಿಗೆ ಆರಂಭಿಸಿದರು: ಮಹಾಶಯರಾದ ತಮ್ಮ ಪಾದಗಳಿಗೆ ಈ ಅಲ್ಪ ಸೇವಕನು ಅತ್ಯಂತ ನಮ್ರತೆಯಿಂದ ವಂದಿಸಿ, ತಮ್ಮ ಅಮೂಲ್ಯವಾದ ವೇಳೆಯನ್ನು ಹಾಳುಮಾಡಿದ್ದಕ್ಕಾಗಿ ಕ್ಷಮೆ ಬೇಡಿ, ತಮ್ಮ ಕೃಪಾದೃಷ್ಟಿಗೆ ತರಬಯಸುವುದೇನೆಂದರೆ… ಈ ಮುನ್ನುಡಿ ಮುಗಿದು ‘ಕೆಸರು’ ಎಂಬ ಮಾತು ಬಾಯಿಗೆ ಬರುವ ಹೊತ್ತಿಗೆ ಕೆಸರು ಅವರ ಸೊಂಟಕ್ಕೆ ಬಂದಿತ್ತು.

ಸಾಹೇಬರು ಒಂದು ಹೆಜ್ಜೆ ಈಚೆಗೆ ನಿಂತುಬಿಟ್ಟರು. ಅಲ್ಲಿಯವರೆಗೆ ಎಲ್ಲೆಲ್ಲೋ ನಿಂತಿದ್ದರು. ನಿಲ್ಲಬೇಕಾದಲ್ಲಿ ನಿಂತದ್ದು ಆ ದಿನ ಅದೊಂದೇ.

“ರಾಯರು ಮುಳಗಾಕತ್ತಾರಲೇ!” ಎಂದು ಗಿರಮಲ್ಲಪ್ಪ ಕೂಗಿ ತನ್ನ ಕಂಬಳಿ ಎಸೆದ. ಲಗಮವ್ವ ಬೈಗಳನ್ನು ಅರ್ಧಕ್ಕೆ ಬಿಟ್ಟು ಕಂಬಳಿಯ ತುದಿ ಹಿಡಿದಳು. ಹೊಳಬಸಪ್ಪ ಅವಳ ನಡು ಹಿಡಿಯುವುದೋ ಬಿಡುವುದೋ ಎಂದು ಅನುಮಾನಿಸಿ ಗಿರಮಲ್ಲಪ್ಪನ ನಡು ಹಿಡಿದ. ಮುಂಬೈ ಸರಕಾರದ ಪ್ರಾಂತ ಸಾಹೇಬರು ಕೋಟು ಬಿಚ್ಚಿ ಎಸೆದು ಹೊಳಬಸಪ್ಪನ ನಡು ಹಿಡಿದರು. ಎಲ್ಲರೂ ಕೂಡಿ ಜಗ್ಗಿದಾಗ ವಾಸುದೇವರಾಯರು ಒಂದು ದೊಡ್ಡ ಸಪ್ಪಳದೊಂದಿಗೆ ಹೊರಗೆ ಬಂದರು. ಚಪ್ಪಲಿ ಒಳಗೇ ಉಳಿದವು. ರುಮಾಲು ಮಾತ್ರ ತಲೆಯ ಮೇಲೆ ಇದ್ದ ಹಾಗೆಯೇ ಇತ್ತು.

ದಂಡೆಯ ಬಂಡೆಯ ಮೇಲೆ ಸಾಹೇಬರು ಕೂತರು. ವಾಸುದೇವರಾಯರು ನಿಂತರು, ಕೆಸರು ತೊಟ್ಟಿಕ್ಕುತ್ತ. ಸುತ್ತ ವಸ್ತಿಯ ಮಂದಿ. ಇಂಗ್ಲಿಷಿನಲ್ಲಿ ವಿಚಾರಣೆ ಸುರುವಾಯಿತು.

“ಇಲ್ಲಿ ಕೆಸರಿದೆ ಎಂದು ನಿಮಗೆ ಗೊತ್ತಿತ್ತೆ?”

“ಗೊತ್ತಿತ್ತು, ಸರ್.”

“ಎಂದಿನಿಂದ?”

“ಸಣ್ಣವನಿದ್ದಾಗಿನಿಂದ, ಸರ್.”

“ಶಾಲೆಯ ಜಾಗ ಎಲ್ಲಿ?”

“ನಮ್ಮ ಜೀಪು ನಿಂತಲ್ಲಿ, ಸರ್.”

ಸಾಹೇಬರು ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟರು. “ದಫ್ತರಖಾನೆಯ ಮೆಟ್ಟಿಲು?”

“ಅದೂ ಗೊತ್ತಿತ್ತು, ಸರ್.”

“ಮತ್ತೆ ಮುಂದೆ ನಡೆಯಿರಿ ಎಂದು ಎಷ್ಟು ಸಲ ಹೇಳಿದೆ! ನನಗೆ ದಾರಿ ಗೊತ್ತಿಲ್ಲವೆಂದೇ ಹೇಳಿದ್ದು. ಯಾಕೆ ನಡೆಯಲಿಲ್ಲ?”

ದೊಡ್ಡವರಿಗೆ ದಾರಿ ಗೊತ್ತಿರುವುದಿಲ್ಲ ಎಂಬುದು ವಾಸುದೇವರಾಯರಿಗೆ ಹೊಸ ಸುದ್ದಿ. ಅದನ್ನು ನುಂಗುವುದಕ್ಕೆ ಅವರಿಗೆ ಸ್ವಲ್ಪ ವೇಳೆ ಬೇಕಾಯಿತು.

ಸಾಹೇಬರ ಸಿಟ್ಟು ಇಳಿದು ದಣಿವು ಬಂದಿತ್ತು. “ಸೋಮವಾರ ನಿಮ್ಮ ವಿಷಯ ಬರೆಯಬೇಕು,” ಎಂದರು. “ಈ ಮನುಷ್ಯ ಕೆಲಸಕ್ಕೆ ಬರುವುದಿಲ್ಲ ಎಂದು ಬರೆಯಲು ಬೆಳಗಿನಿಂದ ಹತ್ತು ಕಾರಣ ಕೊಟ್ಟಿದ್ದೀರಿ. ಈಗ ನನ್ನ ಜೀವ ಉಳಿಸಿದ್ದೀರಿ. ನನಗೆ ತಿಳಿಯುತ್ತಿಲ್ಲ. ನಿಮಗೆ ಏನು ಬೇಕು? ನೀವೇ ಹೇಳಿ.”

“ತಮ್ಮ ಮರ್ಜಿ, ಸರ್.”

“ಇಲ್ಲ,” ಎಂದರು ಸಾಹೇಬರು. “ಆ ಮಾತಿನಿಂದಲೇ ನಾವೆಲ್ಲ ಇಲ್ಲಿಯವರೆಗೆ ಬಂದದ್ದು. ಅದು ಬೇಡ. ನಿಮಗೆ ಏನು ಬೇಕು?”

ದೊಡ್ಡವರ ಎದುರು ತನಗಾಗಿ ಬಾಯಿಬಿಟ್ಟು ಕೇಳುವುದು ವಾಸುದೇವರಾಯರ ಶಾಸ್ತ್ರದಲ್ಲಿ ಬೆನ್ನು ತೋರಿಸುವುದಕ್ಕಿಂತ ದೊಡ್ಡ ಅಪರಾಧ. ಅವರು ಧೋತರದ ಕೆಸರು ಹಿಂಡತೊಡಗಿದರು. ಏನು ನಡೆದಿದೆ ಎಂದು ಗಿರಮಲ್ಲಪ್ಪ ಹೊಳಬಸಪ್ಪನನ್ನು ಕೇಳಿದ. ನೌಕರಿಯ ಮಾತು ನಡೆದಿರಬೇಕೆಂದು ಹೊಳಬಸಪ್ಪ ಪಿಸುಗುಟ್ಟಿದ.

“ಬಾಯಿ ತಗೀರಿ ರಾಯರ,” ಎಂದ ಗಿರಮಲ್ಲಪ್ಪ. “ಹೂತಲ್ಲೆ ನಿಂತರ ಯಾರ್ ಜಗ್ಗತಾರ?”

ವಾಸುದೇವರಾಯರು ಬಾಯಿ ತೆಗೆದರು. ಇಂಗ್ಲಿಷು ಬರಲಿ ಎಂದು ಕಾದರು. ಅವರ ಇಂಗ್ಲಿಷೆಲ್ಲ ಬೇರೆಯವರ ಮಾತಿಗಾಗಿ ಕಲಿತದ್ದು, ಅದರಲ್ಲಿ ತಮ್ಮದೊಂದು ಮಾತೂ ಇರಲಿಲ್ಲ. ಬಂದದ್ದು ಕನ್ನಡವೇ.

“ನನಗ ನೌಕರಿ ಬೇಕ್ರಿ,” ಎಂದರು. “ಮನ್ಯಾಗ ಮಗಳಿದ್ದಾಳ, ಆಕಿ ಲಗ್ನ ನನ್ನ ಸಲುವಾಗಿ ನಿಂತದ. ಬರೇ ಅದಕ್ಕ ಅಲ್ರಿ. ಬೆಳಿಗ್ಗೆ ಎದ್ದು ರುಮಾಲು ಸುತ್ತಿಕೊಂಡು ನಾ ಎಲ್ಲಿಗೆ ಹೋಗ್ಲಿ? ಈ ತಾಲೂಕಿನ ಕಾಲುದಾರಿ ಎಲ್ಲಾ ನಂಗ ಗೊತ್ತವ. ಎಲ್ಲಿ ಕೆಸರದ, ಎಲ್ಲಿ ನೆಲಾ ಗಟ್ಟಿ ಅದ, ಎಲ್ಲಾ ಗೊತ್ತದ. ಇಷ್ಟು ವರ್ಷದಾಗ ಯಾರೂ ಕೇಳಿಲ್ರಿ. ನಾ ಹಿಂದ ಇದ್ದೀನೋ ಇಲ್ಲೋ ಅಂತ ಅಷ್ಟ ನೋಡ್ತಿದ್ರು. ನಾನೂ ಹೇಳಲಿಲ್ಲ. ತಪ್ಪು ನಂದ ಅದ. ಇಟ್ಕೋರಿ ನನ್ನ.”

ಇಷ್ಟು ಮಾತನ್ನು ಅವರು ಒಂದೇ ಉಸಿರಿನಲ್ಲಿ ಆಡಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಲಗಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಏನೋ ದೊಡ್ಡ ಮಾತು ಬಂದಿದೆ ಎಂದು ಅವರಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ.

“ಏನು ಹೇಳಿದರು?” ಎಂದು ಕೇಳಿದರು.

ಅರ್ಥ ಹೇಳುವವರು ಅಲ್ಲಿ ಇನ್ನಾರೂ ಇರಲಿಲ್ಲ. ವಾಸುದೇವರಾಯರು ಮುಖದ ಕೆಸರು ಒರೆಸಿಕೊಂಡರು. ತಾವು ನಿಂತಿದ್ದ ಜಾಗವನ್ನು ಬಿಟ್ಟು, ಸಾಹೇಬರ ಎಡಗಡೆಗೆ ಬಂದು, ಕೈ ಕಟ್ಟಿ ನಿಂತು, ಆಗಷ್ಟೇ ಬಿಟ್ಟುಬಂದ ಜಾಗದ ಕಡೆಗೆ ನೋಡುತ್ತ, ಸ್ವಚ್ಛವಾದ ಇಂಗ್ಲಿಷಿನಲ್ಲಿ ಹೇಳಿದರು:

“ಇವನಿಗೆ ನೌಕರಿ ಬೇಕಂತೆ, ಸರ್. ಮಗಳ ಮದುವೆ ನಿಂತಿದೆಯಂತೆ. ತಾಲೂಕಿನ ದಾರಿಗಳೆಲ್ಲ ಇವನಿಗೆ ಗೊತ್ತಂತೆ. ಮೊದಲೇ ಹೇಳದೆ ಇದ್ದದ್ದು ತನ್ನ ತಪ್ಪಂತೆ. ಇವನನ್ನು ಇಟ್ಟುಕೊಳ್ಳಬೇಕಂತೆ.”

ಮೆಹತಾ ಸಾಹೇಬರು ನಗಲಿಲ್ಲ. ಅವರೂ ಆ ಖಾಲಿ ಜಾಗದ ಕಡೆಗೇ ನೋಡಿದರು. ಅಲ್ಲಿ ಕೆಸರಿನ ಎರಡು ಪಾದಗಳ ಗುರುತುಗಳು ಹಸಿಯಾಗಿದ್ದವು. ಟೊಪ್ಪಿಗೆ ಎತ್ತಿಕೊಂಡು ಹೇಳಿದರು: “ಸೋಮವಾರದಿಂದ ಬರಲಿ ಎಂದು ಅವರಿಗೆ ಹೇಳಿ. ಊರೂರು ತಿರುಗುವುದಿದೆ, ನನಗೆ ದಾರಿ ತೋರಿಸಬೇಕು. ಬರುತ್ತಾರೆಯೇ ಕೇಳಿ.”

ವಾಸುದೇವರಾಯರು ಆ ಪಾದಗಳ ಕಡೆಗೆ ತಿರುಗಿ, ಮೆಲ್ಲಗೆ ಕನ್ನಡದಲ್ಲಿ, “ಸೋಮವಾರದಿಂದ ಬರಬೇಕಂತ್ರಿ ವಾಸುದೇವರಾವ್. ದಾರಿ ನೀವ ತೋರಸಬೇಕಂತ. ಬರ್ತೀರೇನು?” ಎಂದು ಕೇಳಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಒಂದು ಗಳಿಗೆ ಕಾದು, ಸಾಹೇಬರ ಕಡೆಗೆ ತಿರುಗಿದರು.

“ಬರುತ್ತಾರಂತೆ, ಸರ್.”